ಮೇಚೇರಿಯ ಕಣ್ಣು ತೆರೆದ ಕುರಿ

ಬೆಳಗ್ಗೆ ಸೇಲಂ ಜಂಕ್ಷನ್ನಿನಲ್ಲಿ ಇಳಿದಾಗ ಅಕ್ಕನ ಗಂಡ ಸಿದ್ದಪ್ಪ ಎದುರುಗೊಂಡರು. ಅವರದು ಕೈಮಗ್ಗದ ಮನೆ. ನೂಲು ಸಿಗದ ದಿನ ಅಂಗಡಿಗಳ ಬೋರ್ಡು ಬರೆಯುತ್ತಾರೆ. ಪೇಟೆಯ ಗೋಡೆಗಳನ್ನು ನೋಡುತ್ತಲೇ ನಡೆದೆ. ಕಾಲ್ಗೆಜ್ಜೆ ಅಂಗಡಿಯ ಬೋರ್ಡಿನ ಸುತ್ತ ಸೀರೆಯಂಚು, ಕ್ಷೌರದಂಗಡಿಯ ಮೇಲೆ ಮೀಸೆ ಬಿಟ್ಟ ಚಂದ್ರ! ಯಾರೂ ಕಲಿಸದ ಕೈಗಳು. ನಮ್ಮ ಬೆಂಗಳೂರಿನ ಅಚ್ಚುಕಟ್ಟಾದ ಬೋರ್ಡುಗಳು ಇವುಗಳ ಮುಂದೆ ಬರೀ ಸಪ್ಪೆ.

"ಮೇಚೇರಿ ಸಂತೇಲಿ ನಾನು ಬರ್ದಿರೋ ಕುರಿ ಐತೆ, ನೋಡೀಯಂತೆ ಬಾರಪ್ಪ. ಅಲ್ಲೇ ಬಾಡೂಟ," ಎಂದರು ಭಾವ. ಬಾಡೂಟವೆಂದ ಮೇಲೆ ಕೇಳಬೇಕೆ? ತಲೆಗೆ ಎಂಟಾಣೆ ಕೊಟ್ಟು ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಧೂಳು, ಸುಡುಬಿಸಿಲು. ಮೇಚೇರಿ ಮುಟ್ಟುವಾಗ ನನ್ನ ಹೊಟ್ಟೆ ತಾಳ ಹಾಕುತ್ತಿತ್ತು.

ಮಾದಕ್ಕನೆಂಬ ವಿಧವೆ ಒಡವೆ ಮಾರಿ ಅಲ್ಲಿ ಹೊಸದಾಗಿ ಬಾಡೂಟದಂಗಡಿ ಇಟ್ಟಿದ್ದಳು. ಬಾಗಿಲ ಮೇಲೆ ಕೆಂಗಂದು ಕುರಿ. ಈಗ ಕೂಗೀತು ಎನ್ನುವಂತಿತ್ತು. ಆದರೆ ಅದರ ಹಣೆಗೆ ಕುಂಕುಮ, ಕೊರಳಿಗೆ ಹೂಮಾಲೆ! ಸಂತೆಯ ಕುರಿಗಾರರು ಬಂದು ಕೈಮುಗಿದು, ಊಟಕ್ಕೆ ಮಾತ್ರ ಪಕ್ಕದ ಬಾಡೂಟದಂಗಡಿಗೆ ಹೋಗುತ್ತಿದ್ದರು.

"ಏನಣ್ಣ ಇಂಗ್ ಮಾಡ್ಬುಟ್ಟೆ?" ಮಾದಕ್ಕ ಭಾವನ ಮೇಲೆ ಹರಿಹಾಯ್ದಳು. "ಕಣ್ ತೆರ್ಸಿದ ಕುರಿ ಕೆಳಗೆ ಕೂತು ಕುರಿ ತಿನ್ನಾಕಾಯ್ತದಾ ಅಂತಾರೆ. ಇವತ್ತೂ ವ್ಯಾಪಾರ ಆಗ್ದಿದ್ರೆ ಅಂಗ್ಡಿ ಮುಚ್ಬೇಕಷ್ಟೆ!"

ಭಾವ ತಲೆ ತಗ್ಗಿಸಿದರು. ಗುಡಿಯ ಚಿತ್ರಗಳಿಗೆ ಕೊನೆಯಲ್ಲಿ ಕಣ್ಣು ಬರೆದು, ಕರ್ಪೂರ ಹಚ್ಚಿ ದೇವರ ಕಣ್ಣು ತೆರೆಸುವುದು ಅವರ ರೂಢಿ. ತುಂಬಿದ ಸಂತೆಯಲ್ಲಿ, ಎಲ್ಲರ ಎದುರಿಗೆ, ಕುರಿಗೂ ಹಾಗೆಯೇ ಮಾಡಿದ್ದರು. "ಅಳಿಸ್ಬುಡ್ತೀನಕ್ಕ," ಎಂದು ಚಾಕು ತೆಗೆದರು.

ಕುರಿಗಾರನೊಬ್ಬ ಹೌಹಾರಿದ. "ಅಯ್ಯೋ ಕಡವುಳೇ, ದೇವ್ರೇ! ಕಣ್ಣಿರೋದನ್ನ ಕೆರೀತೀಯಾ?"

"ಕೆರೀಬ್ಯಾಡ ಬುಡಣ್ಣ," ಎಂದಳು ಮಾದಕ್ಕ. ಕುರಿಯನ್ನು ನೋಡಿದಳು, ಕೈಮುಗಿದು ನಿಂತವರನ್ನೂ ನೋಡಿದಳು. ಬಾಡಿನ ಸಾರನ್ನು ಮಡಕೆಸಮೇತ ಪಕ್ಕದಂಗಡಿಗೇ ಮಾರಿದಳು. ಸಂತೆಯಿಂದ ರಾಗಿ ಹಿಟ್ಟು, ಹುರುಳಿ ತರಿಸಿ ಒಲೆ ಹೊತ್ತಿಸಿದಳು. ಅಷ್ಟರಲ್ಲಿ ಭಾವ ಕುರಿಯ ಬಾಯಿಯ ಮುಂದೆ ದುಂಡಗೆ ಒಂದು ಮುದ್ದೆ ಬರೆದರು. ಎಂಥ ಮುದ್ದೆ ಅಂತೀರಿ, ಹಬೆ ಕೂಡ ಆಡುತ್ತಿತ್ತು!

ಹೊತ್ತು ಇಳಿಯುವಾಗ ಕುರಿಗಾರರು ಕೈಮುಗಿದು, ಒಳಗೇ ಬಂದು ಕೂತರು. ಬಾಡಿನ ಆಸೆ ಬಿಟ್ಟು ನಾನೂ ಉಂಡೆ. ಮೊದಲ ತುತ್ತಿಗೆ ಸಿಟ್ಟಿತ್ತು. ಎರಡನೆಯ ಮುದ್ದೆಯನ್ನು ನಾನೇ ಕೇಳಿ ಹಾಕಿಸಿಕೊಂಡೆ.

ಬಸ್ಸು ಹೊರಟಾಗ ತಿರುಗಿ ನೋಡಿದೆ. ಮಾದಕ್ಕ ಮಣೆ ಹತ್ತಿ ನಿಂತು, ತನ್ನ ಅಂಗಡಿ ಮುಚ್ಚಿಸಲಿದ್ದ ಆ ಕುರಿಯ ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತಿದ್ದಳು.