ಹರಿಗೋಲಿನಲ್ಲಿ ಎದ್ದು ನಿಂತ ದೊರೆ

ನನ್ನ ತಮ್ಮನ ಪರವಾಗಿ ನಾನು ಒಂದು ಮಾತು ಹೇಳಬೇಕಾಗಿತ್ತು. ಹೇಳಲಿಲ್ಲ. ಕಮಲಾಪುರದ ಕೆರೆಯಲ್ಲಿ ಅವನ ಹರಿಗೋಲು ಮಗುಚಿದ ದಿನ ಏರಿಯ ಮೇಲೆ ಎಲ್ಲರಿಗಿಂತ ಹತ್ತಿರ ಕೂತಿದ್ದವಳು ನಾನು. ಆದದ್ದನ್ನೆಲ್ಲ ನೋಡಿದ್ದೆ. ವಿಚಾರಣೆಯಲ್ಲಿ ಕೇಳಿದಾಗ ನೋಡಿಲ್ಲ ಎಂದೆ.

ಆ ಕೆರೆ ಯಾರಪ್ಪನ ಸೊತ್ತೂ ಅಲ್ಲ. ನಾವು ಅಂಬಿಗರು ಅದರಲ್ಲಿ ಬಲೆ ಬೀಸಿ ಬದುಕಿದವರು. ಊರಿನ ದನಗಳು ಅಲ್ಲೇ ನೀರು ಕುಡಿಯುತ್ತಿದ್ದವು, ಕೆಳಗಿನ ಗದ್ದೆಗಳಿಗೆ ಅದೇ ನೀರು ಹರಿಯುತ್ತಿತ್ತು. ಆದರೆ ಚಳಿಗಾಲಕ್ಕೆ ಬಾತುಗಳು ಬಂದು ಇಳಿದವೆಂದರೆ ಬಳ್ಳಾರಿಯ ಕಡೆಯಿಂದ ಬಿಳಿಯ ದೊರೆಗಳೂ ಬೇಟೆಗೆ ಬರುತ್ತಿದ್ದರು. ಏರಿಯ ಕೆಳಗೆ ಹುಣಸೆಮರಗಳ ನಡುವೆ ಡೇರೆಗಳು ಏಳುತ್ತಿದ್ದವು. ಡೇರೆ ಇರುವಷ್ಟು ದಿನ ಯಾರೂ ಬಲೆ ಇಳಿಸಬಾರದು, ಹಕ್ಕಿ ಬೆದರುತ್ತವೆ ಎಂದು ಡಂಗುರ ಹೊಡೆಸುತ್ತಿದ್ದರು. ಕೋವಿಯ ಸದ್ದಿಗೆ ಬೆದರದ ಹಕ್ಕಿ ನಮ್ಮ ನೂಲಿನ ಬಲೆಗೆ ಬೆದರುತ್ತವಂತೆ. ಕೋಳಿ, ಮೊಟ್ಟೆ, ಹಾಲು, ಸೌದೆ ಎಲ್ಲವೂ ಊರಿನಿಂದಲೇ ಹೋಗಬೇಕು. ಅಷ್ಟು ದಿನ ನಮ್ಮ ಒಲೆಯ ಮೇಲೆ ಏನು ಬೇಯುತ್ತದೆಂದು ಒಬ್ಬರೂ ಕೇಳಲಿಲ್ಲ.

ನನ್ನ ಗಂಡನಿಗೆ ಕೆರೆಯ ತೂಬು ಕಾಯುವ ಸರ್ಕಾರಿ ಕೆಲಸ. ಹಾಗಾಗಿ ಹೊಡೆದು ತಂದ ಬಾತುಗಳ ಪುಕ್ಕ ಕೀಳಲು ನನ್ನನ್ನು ಕರೆಯುತ್ತಿದ್ದರು. ತಮ್ಮನದು ಹರಿಗೋಲು. ದೊರೆಯನ್ನು ಹಕ್ಕಿಗಳ ಹತ್ತಿರಕ್ಕೆ ಒಯ್ಯುವುದು ಅವನ ಪಾಲಿನ ಬಿಟ್ಟಿ ಚಾಕರಿ.

ಆ ಬೆಳಿಗ್ಗೆ ಹರಿಗೋಲಿನಲ್ಲಿ ಮೂವರಿದ್ದರು: ದೊರೆ, ಅವನ ಜವಾನ, ತಮ್ಮ. ನೀರಿನ ಮೇಲೆ ಮಾತು ಸ್ಪಷ್ಟವಾಗಿ ಕೇಳುತ್ತದೆ; ಏರಿಯ ಮೇಲೆ ಹಿಂದಿನ ದಿನದ ಬಾತುಗಳ ಪುಕ್ಕ ಕೀಳುತ್ತಿದ್ದ ನನಗೆ ಎಲ್ಲವೂ ಕೇಳಿತು.

“ಕುಂತ್ಕಂಡೇ ಹೊಡೀರಿ ದೊರೀ,” ಎಂದ ತಮ್ಮ. “ಇದು ಬಿದಿರಿನ ಬುಟ್ಟಿ, ನಿಮ್ಮ ಬಂಗ್ಲೆ ಕಟ್ಟಿ ಅಲ್ಲ.”

ಜವಾನ ಗದರಿದ. “ಲೇ, ಬಾಯಿ ಮುಚ್ಕಂಡು ಹುಟ್ಟು ಹಾಕು. ದೊರಿಗೆ ಬುದ್ಧಿ ಹೇಳಾಕ ಬಂದಾನ.”

“ನಿನಗ ಈಜು ಬರ್ತೈತೇನಪಾ? ಬರದಿದ್ರ ದೊರಿಗೆ ನೀನಾ ಹೇಳು.”

ದೊರೆ ಎದ್ದು ನಿಂತ. ಹರಿಗೋಲಿನಲ್ಲಿ ಯಾರೂ ನಿಲ್ಲುವುದಿಲ್ಲ, ನಮ್ಮ ಎಳೆಯ ಮಕ್ಕಳಿಗೂ ಅದು ಗೊತ್ತು. ಕೋವಿ ಹಾರಿದ ಹೊಡೆತಕ್ಕೆ ಅವನು ಹಿಂದಕ್ಕೆ ಹೆಜ್ಜೆಯಿಟ್ಟು ಅಂಚನ್ನು ತುಳಿದ. ಬುಟ್ಟಿ ಮಗುಚಿತು. ತಮ್ಮ ಮೊದಲು ದೊರೆಯನ್ನು ಎಳೆದು ತಂದ, ಮತ್ತೆ ಹೋಗಿ ಜವಾನನನ್ನು ತಂದ. ಕೋವಿ ಮಾತ್ರ ಕೆಸರು ಸೇರಿತು. ಸಂಜೆಯವರೆಗೆ ಮುಳುಗಿ ಹುಡುಕಿದರೂ ಸಿಗಲಿಲ್ಲ.

ಮರುದಿನ ಡೇರೆಯ ಮುಂದೆ ವಿಚಾರಣೆ. ಅಂಬಿಗ ಕುಡಿದಿದ್ದ, ಬೇಕೆಂದೇ ಅಲುಗಾಡಿಸಿದ ಎಂದು ಜವಾನ ಹೇಳಿದ. ತನ್ನನ್ನು ನೀರಿನಿಂದ ಎತ್ತಿದ ಕೈಯ ಮೇಲೇ ಅವನು ತಪ್ಪು ಹೊರಿಸಿದ. ದೊರೆ ಕುರ್ಚಿಯಲ್ಲಿ ಕೂತು ಪೈಪು ಸೇದುತ್ತಿದ್ದ, ಅಲ್ಲವೆನ್ನಲಿಲ್ಲ. ಹೇಳಿಕೆ ಬರೆದುಕೊಳ್ಳುತ್ತಿದ್ದ ಗುಮಾಸ್ತ ನನ್ನ ಕಡೆ ತಿರುಗಿದ.

“ಏನವ್ವಾ, ನೀ ಕೆರಿ ದಂಡಿಗಾ ಇದ್ದಿ. ದೊರಿಗಳು ನಿಂತಿದ್ರಾ, ಕುಂತಿದ್ರಾ?”

ಗಂಡ ನನ್ನನ್ನೇ ನೋಡುತ್ತಿದ್ದ. ಅವನ ಕೆಲಸ ಹೋಗಬಾರದೆಂದು ಆ ನೋಟವೇ ಹೇಳುತ್ತಿತ್ತು.

“ನಾ ನೋಡಿಲ್ರಿ. ಪುಕ್ಕ ಕೀಳಾಕತ್ತಿದ್ದೆ.”

ನಾನು ಎರಡನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು. ನಮ್ಮ ಕೇರಿಯಲ್ಲಿ ಸಹಿ ಹಾಕಬಲ್ಲ ಹೆಂಗಸು ನಾನೊಬ್ಬಳೇ. ಹೇಳಿಕೆಯ ಕಾಗದದಲ್ಲಿ ಉಳಿದವರ ಹೆಬ್ಬೆಟ್ಟುಗಳ ಮೇಲ್ಗಡೆ ನನ್ನ ಸಹಿ ಬಿದ್ದಾಗ ಗುಮಾಸ್ತ “ಭೇಷ್” ಎಂದ. ಕಲಿತ ನಾಲ್ಕಕ್ಷರ ನಾನು ಖರ್ಚು ಮಾಡಿದ್ದು ಅದಕ್ಕೆ.

ಹರಿಗೋಲಿನ ಬುಟ್ಟಿಗೆ ಹೊದಿಸಿದ್ದ ಚರ್ಮವನ್ನು ಜವಾನನೇ ಕತ್ತಿಯಿಂದ ಸೀಳಿದ. ತಮ್ಮ ಇನ್ನು ಕೆರೆಗೆ ಇಳಿಯಕೂಡದು ಎಂದಾಯಿತು. ನೀರಿನ ಕೆಲಸ ಬಿಟ್ಟು ಬೇರೇನೂ ತಿಳಿಯದ ಅವನು ಹೆಂಡತಿಯನ್ನು ಕರೆದುಕೊಂಡು ಸಂಡೂರಿನ ಗುಡ್ಡಕ್ಕೆ ಅದಿರು ಹೊರಲು ಹೋದ. ಮುಂದಿನ ಚಳಿಗಾಲಕ್ಕೆ ಅದೇ ದೊರೆ ಹೊಸ ಕೋವಿ ಹಿಡಿದು ಬಂದ. ನಾನು ಮತ್ತೆ ಅವನ ಬಾತುಗಳ ಪುಕ್ಕ ಕಿತ್ತೆ. ಇದನ್ನು ಹೇಳುವಾಗಲೂ ನನ್ನ ಮೇಲೆ ನನಗೇ ಉರಿ ಹತ್ತುತ್ತದೆ.

ಎರಡು ವರ್ಷದ ಮೇಲೆ ತಮ್ಮ, ಅವನ ಹೆಂಡತಿ ನಮ್ಮ ಮನೆಗೆ ಬಂದರು. ಅವನ ನೆತ್ತಿಯ ಕೂದಲು ಬುಟ್ಟಿ ಹೊತ್ತು ಸವೆದಿತ್ತು, ಉಗುರುಸಂದಿಯಲ್ಲಿ ಕರಿ ಧೂಳು. ಅವನು ಬೈಯಲಿ ಎಂದು ಕಾದೆ. ಊಟಕ್ಕೆ ಕೂತಾಗ ಅವನು ಮೆಲ್ಲಗೆ ಆಡಿದ ಮಾತು ಬೈಗುಳಕ್ಕಿಂತ ಕೆಟ್ಟದಾಗಿತ್ತು.

“ಅಕ್ಕಾ, ಭಾಳ ದಿನ ಆ ಜವಾನಗ ಬೈದೆ. ಆಮ್ಯಾಲ ಯೋಚ್ನಿ ಮಾಡ್ದೆ. ದೊರಿ ನಿಂತಿದ್ರ ನಿನಗ ಕಾಣ್ತಿತ್ತು. ಕಂಡಿದ್ರ ನೀ ಹೇಳದ ಇರಾಕಿ ಅಲ್ಲ. ನಾನಾ ಎಲ್ಲೋ ಹುಟ್ಟು ತಪ್ಪಿ ಹಾಕೀನಿ.”

“ಈಗರ ಒಪ್ಕಂಡ್ಯಲ್ಲ,” ಎಂದು ಅವನ ಹೆಂಡತಿ ನಕ್ಕಳು. ನನ್ನ ಗಂಡ ತಲೆಯೆತ್ತದೆ ಅನ್ನ ಕಲೆಸುತ್ತಿದ್ದ.

ಕೆರೆ ಹೋದದ್ದು ಸಾಲದೆಂದು, ತನ್ನ ಕೈಯ ಮೇಲಿನ ನಂಬಿಕೆಯನ್ನೂ ಅವನು ಕಳೆದುಕೊಂಡಿದ್ದ. ಅದಕ್ಕೆ ಕಾರಣ ಅವನು ನನ್ನನ್ನು ನಂಬಿದ್ದು. ನಾನು ಸೌಟು ಕೆಳಗಿಟ್ಟೆ. ಗಂಡನಿಗೂ ತಮ್ಮನ ಹೆಂಡತಿಗೂ ಕೇಳುವಂತೆ ಹೇಳಿದೆ:

“ನಿನ್ನ ಹುಟ್ಟು ತಪ್ಪಿಲ್ಲಪಾ. ದೊರಿ ಎದ್ದು ನಿಂತಿದ್ದ, ನಾ ಕಣ್ಣಾರೆ ಕಂಡೀನಿ. ಇವರ ಕೆಲ್ಸ ಹೋದೀತಂತ ಸುಳ್ಳು ಹೇಳಿ ಸಹಿ ಹಾಕೀನಿ. ನಿನ್ನ ಕೆರಿ ಬಿಡಿಸಿದಾಕಿ ನಾನಾ. ನನ್ನದು ತಪ್ಪಾತು, ತಮ್ಮಾ.”