ಚೀನಾದ ಬೆಟ್ಟ ತೋರಿಸುತ್ತೇವೆಂದರು

ಸೌದಿಯ ಥುಕ್ಬಾದಲ್ಲಿರುವ ನಮ್ಮ ಕರಾವಳಿಯವರ ಮನೆಗಳಲ್ಲಿ ಯಾರಿಗಾದರೂ ದಿನ ತುಂಬುತ್ತಾ ಬಂತೆಂದರೆ, "ಮೈಮೂನಕ್ಕನಿಗೆ ಹೇಳಿದ್ದೀರಾ?" ಎಂದು ಒಬ್ಬರಾದರೂ ಕೇಳುತ್ತಿದ್ದರು. ತಾಯಿಗೆ ವೀಸಾ ಸಿಗದ, ಸಿಕ್ಕರೂ ಊರು ಬಿಟ್ಟು ಬರಲಾಗದ ಹುಡುಗಿಯರ ಬಾಣಂತನ ಮಾಡುತ್ತಿದ್ದವಳು ಮೈಮೂನತ್. ಬೆಳಿಗ್ಗೆ ತನ್ನ ಮನೆಯ ಅಡಿಗೆ ಮುಗಿಸಿ ಬುರ್ಖಾ ಹಾಕಿ ಹೊರಟರೆ, ಬಾಣಂತಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಮಗುವನ್ನು ನೀಳವಾಗಿ ಚಾಚಿದ ಕಾಲುಗಳ ಮೇಲೆ ಮಲಗಿಸಿ ಮೀಯಿಸಿ, ತೊಟ್ಟಿಲಲ್ಲಿ ಅದು ನಿದ್ದೆಹೋದ ಮೇಲೆಯೇ ಮನೆಗೆ ಬರುತ್ತಿದ್ದಳು. ಹಾಗೆ ಅವಳ ಕಾಲ ಮೇಲೆ ಅತ್ತು ಬೆಳೆದ ಮಕ್ಕಳಲ್ಲಿ ಕೆಲವರಿಗೆ ಈಗ ಮೀಸೆ ಬಂದಿದೆ.

ಇದು ಶುರುವಾದದ್ದು ಎದುರು ಬಾಗಿಲಿನ ಬೆಲಿಂಡಾಳಿಂದ. ಬೆಲಿಂಡಾ ಉಡುಪಿ ಕಡೆಯ ಕೊಂಕಣಿಯವಳು, ಪಕ್ಕದ ಖೋಬರ್ ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸ್. ಅವಳ ಚೊಚ್ಚಲ ಹೆರಿಗೆಗೆ ಹೊರಟಿದ್ದ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಊರಿನಲ್ಲೇ ಉಳಿದಿದ್ದರು. ಹೊಟ್ಟೆಯ ಹೊಲಿಗೆ ಇನ್ನೂ ಹಸಿಯಿದ್ದ ಬೆಲಿಂಡಾ ಬಾಗಲೂ ಆಗದೆ ಅಳುತ್ತಿದ್ದಾಗ, ಪರಿಚಯವೂ ಸರಿಯಾಗಿಲ್ಲದ ಮೈಮೂನತ್ ಒಳಗೆ ಬಂದು, "ಮಗುವನ್ನು ಇತ್ಲಾಗೆ ಕೊಡು" ಎಂದಿದ್ದಳು. ಆಮೇಲೆ ಆ ಎರಡು ಬಾಗಿಲುಗಳು ಹಗಲಿನಲ್ಲಿ ಮುಚ್ಚಿದ್ದು ಕಡಿಮೆ. ಈದ್ ಹಬ್ಬದ ಬಿರಿಯಾನಿ ಆಚೆಗೆ, ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಈಚೆಗೆ. ಬೆಲಿಂಡಾಳ ಇಬ್ಬರು ಮಕ್ಕಳೂ ಮೈಮೂನತ್‌ಳ ಅಡಿಗೆಮನೆಯಲ್ಲೇ ಹೋಂವರ್ಕ್ ಮಾಡಿ ದೊಡ್ಡವರಾದರು.

ಮೈಮೂನತ್‌ಳ ಗಂಡ ಅದ್ದು ಎಸಿ ಬಿಡಿಭಾಗಗಳ ಅಂಗಡಿಯಲ್ಲಿ ಕೌಂಟರಿನವನು. ಮಾತು ಕಡಿಮೆ, ಜಗಳ ಇನ್ನೂ ಕಡಿಮೆ. ಮೊಣಕಾಲು ನೋವು ಶುರುವಾದ ಮೇಲೆ, ಫರಂಗಿಪೇಟೆಯಲ್ಲಿ ಮನೆಯೂ ಎದ್ದು ನಿಂತ ಮೇಲೆ, ಅವನಿಗೆ ಊರಿಗೆ ಹೋಗಿ ಕೂರುವ ಆಸೆ. ಆ ಮಾತು ತೆಗೆದಾಗಲೆಲ್ಲ ಮೈಮೂನತ್, "ಈ ಒಂದು ಹೆರಿಗೆ ಮುಗೀಲಿ" ಎನ್ನುವಳು. ಅದು ಮುಗಿಯುವಷ್ಟರಲ್ಲಿ ಇನ್ನೊಬ್ಬಳಿಗೆ ತಿಂಗಳು ತುಂಬುತ್ತಿತ್ತು. ಒಮ್ಮೆ ಅವನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ್ದಕ್ಕೆ, "ಊರಿನಲ್ಲಿ ನನ್ನನ್ನು ಯಾರು ಕೇಳ್ತಾರೆ? ಇಲ್ಲಿ ನಾನೂ ಒಂದು ಜನ" ಎಂದು ವಾರಗಟ್ಟಲೆ ಮಾತು ಬಿಟ್ಟಿದ್ದಳು. ಅಂದಿನಿಂದ ಅದ್ದು ಆ ಸುದ್ದಿ ಎತ್ತಲಿಲ್ಲ. ಅವನು ಮನಸ್ಸಿನಿಂದಲೂ ತೆಗೆದುಹಾಕಿದ್ದಾನೆಂದು ಅವಳು ನಂಬಿದ್ದಳು.

ಕಳೆದ ವರ್ಷ ಅವಳ ಕೈಗೆ ಬಂದವಳು ಕೆಳಗಿನ ಮಹಡಿಯ ಶಮೀರಾ. ಬಂಟ್ವಾಳದ ಹುಡುಗಿ, ಮದುವೆಯಾಗಿ ಎರಡು ವರ್ಷ. ಮೊದಲ ಬಸುರು ನಿಂತಿರಲಿಲ್ಲ. ತಂದೆ ಹಾಸಿಗೆ ಹಿಡಿದದ್ದರಿಂದ ತಾಯಿ ಬರುವ ಹಾಗಿರಲಿಲ್ಲ. ಗಂಡ ಮಿಸ್ಬಾಹ್‌ಗೆ ಪಾಳಿಯ ಕೆಲಸ. ಒಂಟಿಯಾಗಿದ್ದಾಗ ಹೆದರಿ ಮೇಲೆ ಓಡಿಬರುತ್ತಿದ್ದಳು.

"ಮಾಮಿ, ನೀವು ಇರ್ತೀರಲ್ಲಾ? ಆ ದಿನ ನೀವು ಇರ್ಲೇಬೇಕು."

"ನಾನು ಎಲ್ಲಿಗೆ ಹೋಗುದು? ಅಲ್ಲಾಹನ ಮೇಲೆ ಆಣೆ, ನಿನ್ನ ಮಗುವಿಗೆ ಮೊದಲ ನೀರು ನಾನೇ ಹೊಯ್ಯುದು," ಎಂದು ಮೈಮೂನತ್ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದ್ದಳು.

ಆ ದಿನಗಳಲ್ಲೇ ಮಗ ನಝೀಮ್‌ನ ಫೋನು ಬಂತು. ಅವನು ಚೀನಾದ ಗ್ವಾಂಗ್‌ಝೌನಲ್ಲಿ ಸಗಟು ದೀಪಗಳನ್ನು ಖರೀದಿಸಿ ಕಳಿಸುವ ಕೆಲಸದಲ್ಲಿದ್ದ. "ಉಮ್ಮಾ, ನೀವು ಮತ್ತು ಉಪ್ಪ ಬನ್ನಿ. ಝಾಂಗ್‌ಜಿಯಾಜಿ ಅಂತ ಬೆಟ್ಟದ ಜಾಗ ಉಂಟು. ಕಂಬದ ಹಾಗೆ ನಿಂತ ಬೆಟ್ಟಗಳು, ಮಧ್ಯೆ ಮೋಡ. ತೋರಿಸ್ತೇನೆ" ಎಂದ.

ಮೈಮೂನತ್‌ಳಿಗೆ ತಿರುಗಾಟ ಎಂದರೆ ಊರಿನ ರಜೆ, ಮಕ್ಕಾ, ಒಂದು ಸಲ ತಾಯಿಫ್. ಸುಮ್ಮನೆ ನೋಡುವುದಕ್ಕೆಂದೇ ವಿಮಾನ ಹತ್ತುವುದನ್ನು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ನಗು ತಡೆಯಲಾಗದೆ ಅದ್ದುವಿನ ಮುಖ ನೋಡಿದಳು.

"ಶಮೀರಾನ ಹೆರಿಗೆಗೆ ಮೊದಲು ಬರ್ತೇವಲ್ಲಾ?"

"ಬರ್ತೇವೆ ಮಾರಾಯ್ತಿ," ಎಂದ ಅದ್ದು, ಟೀವಿಯಿಂದ ಕಣ್ಣು ತೆಗೆಯದೆ.

ಹೊರಡುವ ಮುಂಚೆ ಪೆಟ್ಟಿಗೆ ತುಂಬಲು ಬೆಲಿಂಡಾ ಬಂದಳು. ಚಳಿಯ ಬಟ್ಟೆ ಮಡಚಿಕೊಟ್ಟಳು. "ಚಿನ್ನ ಎಲ್ಲ ತಗೊಂಡೇ ಹೋಗಿ ಮೈಮೂನಕ್ಕ, ಖಾಲಿ ಮನೆಯಲ್ಲಿ ಬಿಡ್ಲಿಕ್ಕಾಗುದಿಲ್ಲ" ಎಂದಳು. ಗೋಡೆಯ ಮೇಲಿದ್ದ ನಝೀಮ್‌ನ ಶಾಲೆಯ ಫೋಟೋವನ್ನೂ ತೆಗೆದು ಬಟ್ಟೆಯ ನಡುವೆ ಇಟ್ಟಳು. "ಅದು ಯಾಕೆ?" ಎಂದರೆ, "ಅವನಿಗೆ ತೋರಿಸಿ, ನಗ್ತಾನೆ" ಎಂದಳು. ಬಾಗಿಲಲ್ಲಿ ತಬ್ಬಿಕೊಂಡವಳು ಬಿಡಲೇ ಇಲ್ಲ, ಕುತ್ತಿಗೆಯೆಲ್ಲ ಒದ್ದೆ. ಮೈಮೂನತ್ ನಕ್ಕುಬಿಟ್ಟಳು. "ಎಂತ ಇದು, ಹತ್ತು ದಿನಕ್ಕೆ ಹೀಗೆ ಅಳುದಾ?"

ದಮ್ಮಾಮ್ ವಿಮಾನನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಸೌದಿ ಹುಡುಗ ಅದ್ದುವಿನ ಜೊತೆ ಏನೋ ಮಾತಾಡಿದ. ಅದ್ದು ತಗ್ಗಿದ ದನಿಯಲ್ಲಿ ಉತ್ತರಿಸಿ ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಿದ. ಹುಡುಗ ಎದ್ದು ನಿಂತು ಅವನ ಕೈ ಕುಲುಕಿದ. ಎಷ್ಟು ಮರ್ಯಾದೆಯ ಮಕ್ಕಳು ಎಂದುಕೊಂಡು ಮೈಮೂನತ್ ಮುಂದೆ ನಡೆದಳು.

ಚೀನಾದ ಮೊದಲ ದಿನಗಳು ಅವಳಿಗೆ ತುಂಬ ಹಿಡಿಸಿದವು. ನೀರಿನ ಹಾಗೆ ಓಡುವ ರೈಲಿನಲ್ಲಿ ಕಿಟಕಿಗೆ ಮುಖವಿಟ್ಟೇ ಕೂತಳು. ಬೆಟ್ಟದ ಬುಡದ ಪಟ್ಟಣದಲ್ಲಿ ನಝೀಮ್ ಹಲಾಲ್ ಬೋರ್ಡಿನ ಒಂದು ಸಣ್ಣ ಅಂಗಡಿ ಹುಡುಕಿದ್ದ. ಅಲ್ಲಿ ತಲೆಗೆ ಬಟ್ಟೆ ಕಟ್ಟಿದ ಚೀನೀ ಹೆಂಗಸೊಬ್ಬಳು ಹಿಟ್ಟನ್ನು ಕೈಯಲ್ಲೇ ಎಳೆದೆಳೆದು ನೂಲು ಮಾಡಿ ಸಾರಿಗೆ ಬಿಡುತ್ತಿದ್ದಳು. ಮೈಮೂನತ್ ಸಲಾಮ್ ಹೇಳಿದಾಗ ಅವಳ ಮುಖ ಅರಳಿತು. ಭಾಷೆ ಒಂದಕ್ಷರ ಗೊತ್ತಿಲ್ಲದ ಇಬ್ಬರೂ ಕೈ ಹಿಡಿದುಕೊಂಡು ನಿಂತರು. "ಇದನ್ನು ಶಮೀರಾನಿಗೆ ಹೇಳ್ಬೇಕು, ನನ್ನ ಫೋನು ಇಲ್ಲಿ ಹಿಡಿಯುದಿಲ್ಲ, ನಿನ್ನದರಲ್ಲಿ ಹಚ್ಚು" ಎಂದರೆ, "ಇಲ್ಲಿ ವಾಟ್ಸಾಪ್ ಬ್ಯಾನ್ ಉಮ್ಮಾ, ಹೋಗುದಿಲ್ಲ" ಎಂದ ನಝೀಮ್. ಚೀನಾದ ಕಾನೂನು ಎಂದು ಅವಳು ಸುಮ್ಮನಾದಳು.

ಮರುದಿನ ಬಂಡೆಯ ಮೈಗೆ ಅಂಟಿಕೊಂಡಿದ್ದ ಎತ್ತರದ ಗಾಜಿನ ಲಿಫ್ಟಿನಲ್ಲಿ ಮೇಲೆ ಹೋದರು. ಮೇಲೆ ನಿಂತು ನೋಡಿದಾಗ ಮೈಮೂನತ್‌ಳಿಗೆ ಕಣ್ಣು ಕೀಳಲಾಗಲಿಲ್ಲ. ಕೆಳಗೆ ನೆಲ ಕಾಣುತ್ತಿರಲಿಲ್ಲ. ಬಿಳಿ ಮೋಡದೊಳಗಿಂದ ಕಲ್ಲಿನ ಕಂಬಗಳು ಒಂದರ ಹಿಂದೆ ಒಂದು ಎದ್ದಿದ್ದವು. ಒಂದೊಂದರ ನೆತ್ತಿಯಲ್ಲೂ ಯಾರೋ ನೆಟ್ಟ ಹಾಗೆ ನಾಲ್ಕು ಗಿಡ. "ಸುಬ್‌ಹಾನಲ್ಲಾಹ್" ಎಂದಳು. ಅದ್ದು ಮೊಣಕಾಲು ಉಜ್ಜುತ್ತ ಕಲ್ಲುಬೆಂಚಿನಲ್ಲಿ ಕೂತ. ನಝೀಮ್ ತಾಯಿಯ ಕೈಗೆ ತನ್ನ ಫೋನು ಕೊಟ್ಟು, "ಬೇಕಾದಷ್ಟು ಫೋಟೋ ತೆಗೀರಿ, ನಾನು ಚಹಾ ತರ್ತೇನೆ" ಎಂದು ಹೋದ.

ಅವಳು ಫೋಟೋ ತೆಗೆಯುತ್ತಿದ್ದಾಗಲೇ ಪರದೆಯ ಮೇಲೆ ವಾಟ್ಸಾಪಿನ ಮೆಸೇಜೊಂದು ಇಣುಕಿ ಹೋಯಿತು. ಹೋಗುವುದಿಲ್ಲ ಅಂದನಲ್ಲ? ಅವಳಿಗೆ ಸಿಟ್ಟೇನೂ ಬರಲಿಲ್ಲ, ಸರಿಹೋಗಿರಬೇಕು ಅಂದುಕೊಂಡಳು. ಶಮೀರಾಳ ನಂಬರು ಬಾಯಿಪಾಠವಿತ್ತು. ವೀಡಿಯೋ ಕಾಲ್ ಒತ್ತಿ, ಅವಳಿಗೆ ಕಾಣಲೆಂದು ಫೋನನ್ನು ಬೆಟ್ಟದ ಕಡೆ ಹಿಡಿದಳು.

"ನೋಡು ಶಮೀರಾ, ಎಲ್ಲಿದ್ದೇನೆ ನೋಡು!"

ಆ ಕಡೆಯಿಂದ ಬಂದದ್ದು ಬೇರೆಯೇ ದನಿ. "ಮಾಮಿ! ಎಷ್ಟು ಸಲ ಟ್ರೈ ಮಾಡಿದೆ ನಿಮಗೆ! ನೀವು ಮನೆ ಚೇಂಜ್ ಮಾಡ್ತಿದ್ದೀರಾ? ನನಗೆ ಹೇಳ್ಲೇ ಇಲ್ಲ?"

"ಎಂತ ಮನೆ?"

"ನಿಮ್ಮ ಸಾಮಾನು ಎಲ್ಲ ಇಳಿಸ್ತಿದ್ದಾರೆ. ನಿಲ್ಲಿ, ತೋರಿಸ್ತೇನೆ."

ಶಮೀರಾ ಕಿಟಕಿಯ ಹತ್ತಿರ ಹೋಗಿ ಫೋನನ್ನು ಕೆಳಕ್ಕೆ ತಿರುಗಿಸಿದಳು. ಥುಕ್ಬಾದ ಬೀದಿ, ಬಿಸಿಲು, ಒಂದು ಪಿಕಪ್ ಗಾಡಿ. ಅದರಲ್ಲಿ ಮೈಮೂನತ್‌ಳ ಫ್ರಿಜ್ಜು, ನೀಲಿ ಕಪಾಟು, ಮಡಚಿದ ಹಾಸಿಗೆ. ಅವೆಲ್ಲದರ ಮೇಲೆ ಬಾಣಂತಿಯರಿಗೆ ನೀರು ಕಾಯಿಸುತ್ತಿದ್ದ ದೊಡ್ಡ ಅಲ್ಯುಮಿನಿಯಂ ಪಾತ್ರೆ, ಬೋರಲಾಗಿ. ಗಾಡಿಯ ಪಕ್ಕ ಕ್ಲಿನಿಕ್ಕಿನ ಯೂನಿಫಾರ್ಮಿನಲ್ಲೇ ನಿಂತು, ಅದನ್ನು ಅಲ್ಲಿಡು, ಇದನ್ನು ಇಲ್ಲಿಡು ಎಂದು ಕೈ ತೋರಿಸುತ್ತಿದ್ದವಳು ಬೆಲಿಂಡಾ.

ಮೈಮೂನತ್ ಫೋನು ಹಿಡಿದುಕೊಂಡೇ ಗಂಡನ ಮುಂದೆ ಬಂದು ನಿಂತಳು. ಪರದೆಯನ್ನು ಅವನ ಮುಖಕ್ಕೆ ತೋರಿಸಿದಳು. ಅದ್ದು ನೋಡಿದ. ಆಶ್ಚರ್ಯ ಪಡಲಿಲ್ಲ. ಅವನು ಆಶ್ಚರ್ಯ ಪಡಲಿಲ್ಲವಲ್ಲ, ಅಷ್ಟರಿಂದಲೇ ಅವಳಿಗೆ ಎಲ್ಲ ಗೊತ್ತಾಯಿತು.

"ನಾವು ವಾಪಸು ಹೋಗುದಿಲ್ವಾ?"

"ಅಂಗಡಿ ಮುಚ್ಚಿದ್ರು ಮೈಮೂನಾ. ಅಂಗಡಿಯ ಕಫೀಲ್ ನಮ್ಮ ವೀಸಾ ಮುಗಿಸಿ ಎಕ್ಸಿಟ್ ಹಾಕಿದ್ರು. ಬೇರೆ ಕಡೆ ಕೆಲಸ ನೋಡ್ಬಹುದಿತ್ತು, ಆದ್ರೆ ನನ್ನಿಂದ ಇನ್ನು ಆಗುದಿಲ್ಲ. ಇಲ್ಲಿಂದ ಸೀದಾ ಊರಿಗೆ."

"ದಮ್ಮಾಮಿನಲ್ಲಿ ಆ ಹುಡುಗ ಕೈ ಕುಲುಕಿದ್ದು ಅದಕ್ಕಾ?"

"ಹ್ಞೂಂ, ಇನ್ನು ಬರುದಿಲ್ಲ ಅಂದೆ," ಎಂದ ಅದ್ದು. ಅಷ್ಟರಲ್ಲಿ ಚಹಾದ ಲೋಟಗಳನ್ನು ಹಿಡಿದು ಬಂದ ನಝೀಮ್ ತಾಯಿಯ ಮುಖ ನೋಡಿ ಅಲ್ಲೇ ನಿಂತ. "ಉಮ್ಮಾ, ನಿಮಗೆ ಹೇಳಿದ್ರೆ ನೀವು ಒಪ್ತಿದ್ರಾ? ಕೊನೇ ತಿಂಗಳೆಲ್ಲ ಅತ್ತು ಅತ್ತು ಬೀಳ್ತಿದ್ರಿ. ಅದಕ್ಕಿಂತ ಒಂದು ಒಳ್ಳೇ ಟ್ರಿಪ್ ಮಾಡ್ಸಿ, ನಿಧಾನಕ್ಕೆ ಹೇಳುವ ಅಂತ..."

"ಅಳ್ಲಿಕ್ಕೆ ಬಿಡ್ಬೇಕಿತ್ತು," ಎಂದಳು ಮೈಮೂನತ್. "ನನ್ನ ಮನೆ ಬಿಡುವಾಗ ನಾನು ಅಳ್ಬೇಕಿತ್ತು. ಆ ಹುಡುಗಿಯ ಹೊಟ್ಟೆ ಮುಟ್ಟಿ ಆಣೆ ಹಾಕಿದ್ದೇನೆ ನಾನು. ಅದು ನಿಮಗೆ ಇಬ್ಬರಿಗೂ ಗೊತ್ತಿತ್ತು."

ಫೋನಿನೊಳಗೆ ಶಮೀರಾ ಇನ್ನೂ "ಮಾಮಿ, ಮಾಮಿ" ಎನ್ನುತ್ತಿದ್ದಳು. ಮೈಮೂನತ್ ಫೋನನ್ನು ಮುಖದ ಹತ್ತಿರ ತಂದಳು. ಏನು ಹೇಳುವುದು? "ನಾನು ಬರುದಿಲ್ಲ ಮಗಾ" ಎಂದಳು. ಶಮೀರಾ, "ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಕೇಳಿದಳು. ಇಲ್ಲ ಎನ್ನುವ ಮೊದಲೇ ಲೈನು ಹೋಯಿತು. ಬೆಟ್ಟದಲ್ಲಿ ಸಿಗ್ನಲ್ ಹೋಯಿತೋ, ಹುಡುಗಿಯೇ ಇಟ್ಟಳೋ ಗೊತ್ತಿಲ್ಲ.

ಅವಳು ಆಮೇಲೆ ಬೆಟ್ಟದ ಕಡೆ ತಿರುಗಲಿಲ್ಲ. ನಝೀಮ್ ಗಾಜಿನ ಸೇತುವೆ, ಕೇಬಲ್ ಕಾರು ಎಂದು ಇನ್ನೂ ಏನೇನೋ ಇಟ್ಟುಕೊಂಡಿದ್ದ. ಎಲ್ಲ ಕಡೆಗೂ ಹೋದಳು, ಕರೆದಲ್ಲಿ ಕೂತಳು, ಕೊಟ್ಟದ್ದು ತಿಂದಳು. ಫೋಟೋ ಒಂದೂ ತೆಗೆಯಲಿಲ್ಲ. ಮಂಗಳೂರಿನಲ್ಲಿ ಇಳಿದಾಗ ನೆಂಟರು ಹೂವಿನ ಹಾರ ಹಿಡಿದು ಬಂದಿದ್ದರು. ಅವರಿಗೆಲ್ಲ ಯಾವ ದಿನ ಬರುತ್ತಾರೆಂದು ತಿಂಗಳ ಹಿಂದೆಯೇ ತಿಳಿದಿತ್ತು.

ಫರಂಗಿಪೇಟೆಯ ಮನೆಗೆ ಹೊಸ ಬಣ್ಣ ಹೊಡೆದಿತ್ತು. ಅಡಿಗೆಮನೆಯಲ್ಲಿ ಹೊಸ ಫ್ರಿಜ್ಜು ಇತ್ತು. ಬೆಲಿಂಡಾ ದಿನಕ್ಕೆ ಮೂರು ಸಲ ಫೋನು ಮಾಡಿದಳು, ಮೈಮೂನತ್ ತೆಗೆಯಲಿಲ್ಲ. ಶಮೀರಾಳಿಗೆ ಇವಳು ಮಾಡಿದ ಕರೆಗಳನ್ನು ಅವಳೂ ತೆಗೆಯಲಿಲ್ಲ. ಹೆಣ್ಣು ಮಗು ಎಂಬ ಸುದ್ದಿ ಯಾರೋ ಹಾಕಿದ ಸ್ಟೇಟಸ್ಸಿನಿಂದ ಗೊತ್ತಾಯಿತು.

ಮರುವಾರ ಮೈಮೂನತ್ ಗಂಡನೆದುರು ನಿಂತು ಹೇಳಿದಳು. "ಉಮ್ರಾದ ವೀಸಾ ಮಾಡಿಸಿದ್ದೇನೆ. ನೆರೆಮನೆಯ ಆಮಿನತ್‌ನ ಗುಂಪಿನ ಜೊತೆ. ಉಮ್ರಾ ಮುಗಿಸಿ ಥುಕ್ಬಾಕ್ಕೆ ಹೋಗಿ ಬರ್ತೇನೆ."

"ನಾನೂ ಬರ್ಲಾ?"

"ಬೇಡ. ಹೋಗ್ತೇನೆ ಅಂತ ಹೇಳಿ ಹೋಗ್ತಿದ್ದೇನೆ, ಅಷ್ಟು ಸಾಕು ನಿಮಗೆ."

ಮಕ್ಕಾದಲ್ಲಿ ಏನು ಬೇಡಿಕೊಂಡಳೋ ಯಾರಿಗೂ ಹೇಳಲಿಲ್ಲ. ಜಿದ್ದಾದಿಂದ ದಮ್ಮಾಮಿಗೆ ಹಾರಿ, ಟ್ಯಾಕ್ಸಿ ಹಿಡಿದು ಥುಕ್ಬಾದ ಆ ಕಟ್ಟಡದ ಮುಂದೆ ಇಳಿದಾಗ ಇಳಿಹೊತ್ತಿನ ಅಸರ್ ಬಾಂಗ್ ಕೂಗುತ್ತಿತ್ತು. ಬಾಗಿಲು ತೆರೆದ ಶಮೀರಾ ಒಳಗೆ ಕರೆಯಲಿಲ್ಲ. ಸೊರಗಿದ್ದಳು. ಹೆಗಲ ಮೇಲೆ ಮಗು ಕಿರುಚುತ್ತಿತ್ತು.

"ಯೂಟ್ಯೂಬ್ ನೋಡಿ ಮೀಯಿಸಿದೆ ಮಾಮಿ," ಎಂದಳು. "ಒಂದು ಸಲ ಕೈ ಜಾರಿತು. ನನ್ನ ಜೀವವೇ ಹೋಗಿತ್ತು. ಬೆಲಿಂಡಾ ಆಂಟಿ ಬರ್ತೇನೆ ಅಂದ್ರು, ನಾನು ಬೇಡ ಅಂದೆ. ಎಲ್ಲರೂ ಸೇರಿ ನನಗೆ ಮೋಸ ಮಾಡಿದ್ರಿ."

"ನಿನಗಲ್ಲ," ಎಂದಳು ಮೈಮೂನತ್. "ನನಗೆ. ನಿನಗೆ ಫೋನ್ ಮಾಡಿದೆನಲ್ಲ ಬೆಟ್ಟದಿಂದ, ಅದರ ಹಿಂದಿನ ಕ್ಷಣದ ತನಕ ನನ್ನ ಮನೆ ಇಲ್ಲೇ ಮೇಲ್ಗಡೆ ಇತ್ತು, ನನ್ನ ಲೆಕ್ಕದಲ್ಲಿ."

ಶಮೀರಾ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. ಕಡೆಗೆ ಬದಿಗೆ ಸರಿದು ದಾರಿ ಬಿಟ್ಟಳು, ಮಗುವನ್ನು ಅವಳ ಕೈಗಿಟ್ಟಳು. ಮೈಮೂನತ್ ಬಚ್ಚಲಿನ ನೆಲದಲ್ಲಿ ಕೂತು, ಕಾಲು ಚಾಚಿ, ಮಗುವನ್ನು ಬೋರಲು ಮಲಗಿಸಿ ಬೆನ್ನಿಗೆ ಬೆಚ್ಚನೆ ನೀರು ಹೊಯ್ದಳು. ಅದು ಮೊದಲ ನೀರಾಗಿರಲಿಲ್ಲ.

ಸುದ್ದಿ ತಿಳಿದು ಬೆಲಿಂಡಾ ಕೆಳಗೆ ಓಡಿಬಂದಳು. "ಮೈಮೂನಕ್ಕ, ಅದ್ದುಭಾಯಿ ಕೈ ಮುಗಿದು ಕೇಳಿದ್ರು. ನಿಮ್ಮ ಒಳ್ಳೇದಕ್ಕೇ ಅಂತ... ನಾನು ಎಷ್ಟು ಸಲ ಹೇಳಿಬಿಡುವ ಅಂತ ಹೊರಟೆ ಗೊತ್ತುಂಟಾ?"

"ಅವರು ಗಂಡಸರು. ಬೇಸತ್ತಿದ್ರು, ಹೆದರಿದ್ರು. ಅದನ್ನು ಹೇಗಾದ್ರೂ ನುಂಗಿಕೊಳ್ತೇನೆ," ಎಂದಳು ಮೈಮೂನತ್, ಮಗುವಿನ ತಲೆ ಒರೆಸುತ್ತಾ. "ನೀನು ನನ್ನ ಪೆಟ್ಟಿಗೆ ತುಂಬಿದ್ದಿ ಬೆಲಿಂಡಾ. ಚಿನ್ನ ಮರೀಬೇಡಿ ಅಂತ ನೆನಪು ಮಾಡಿದ್ದಿ. ಒಂದು ಮಾತು ಹೇಳಿದ್ರೆ ನಾನು ಆ ಹುಡುಗಿಯ ಹತ್ರ ಬಂದು, ನನ್ನ ಬದಲಿಗೆ ಯಾರನ್ನಾದ್ರೂ ಗೊತ್ತು ಮಾಡಿ ಹೋಗ್ತಿದ್ದೆ. ಅಷ್ಟೇ ಸಾಕಿತ್ತು."

ಬೆಲಿಂಡಾ ಊಟಕ್ಕೆ ಕರೆದಳು. ಮೈಮೂನತ್ ಹೋಗಲಿಲ್ಲ. ಮೇಲಿನ ಮಹಡಿಗೂ ಹತ್ತಲಿಲ್ಲ. ಅಲ್ಲಿ ಬೇರೆ ಯಾರೋ ಬಂದಿದ್ದಾರಂತೆ. ಶಮೀರಾಳ ಮನೆಯಲ್ಲಿ ವಾರವಿದ್ದು, ಅವಳಿಗೆ ಎಣ್ಣೆ ತಿಕ್ಕಿ, ಮಗುವನ್ನು ಮೀಯಿಸುವುದನ್ನು ಕೈ ಹಿಡಿದು ಕಲಿಸಿ ಊರಿಗೆ ಮರಳಿದಳು. ಈಗ ಶಮೀರಾ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ಮಗು ಬೋರಲಾದದ್ದನ್ನೂ ತೋರಿಸಿದಳು. ಬೆಲಿಂಡಾಳ ಕರೆಗೆ ಮೈಮೂನತ್ ಈಗ ಉತ್ತರಿಸುತ್ತಾಳೆ. ಮಕ್ಕಳು ಹೇಗಿದ್ದಾರೆ ಎಂದು ಕೇಳಿ, ಒಳ್ಳೆಯದು ಎಂದು ಇಡುತ್ತಾಳೆ.

ಅದ್ದುವಿನ ಜೊತೆ ಸಂಸಾರ ನಡೆಯುತ್ತಿದೆ. ಬೆಳಿಗ್ಗೆ ಅವನ ಮೊಣಕಾಲಿಗೆ ಅವಳೇ ಎಣ್ಣೆ ಹಚ್ಚುತ್ತಾಳೆ. ಮೊನ್ನೆ ಅವನು, ಪುತ್ತೂರಿನಲ್ಲಿ ತಂಗಿಯ ಮಗಳ ಮದುವೆ, ಹೊರಡು ಎಂದ. ಅವಳು ಸೀರೆ ತೆಗೆದು ಮಂಚದ ಮೇಲಿಟ್ಟು, ಬಾಗಿಲ ಹತ್ತಿರ ಬಂದು ಕೇಳಿದಳು.

"ಮದುವೆ ಮುಗಿದ ಮೇಲೆ ಎಲ್ಲಿಗೆ?"

"ಮನೆಗೇ, ಮತ್ತೆಲ್ಲಿಗೆ?" ಎಂದ ಅದ್ದು.

ಅವಳು ಅವನ ಮುಖವನ್ನು ನೋಡಿ, ಸೀರೆ ಉಡಲು ಒಳಗೆ ಹೋದಳು.