ಕಾಡಪ್ಪ ಹೆಣ್ಣು ನೋಡಿದ ಸಂಜೆ

ಕಾಡಪ್ಪನನ್ನು ನಾನು ಮೊದಲು ಡ್ಯಾನ್ಸ್ ಮಾಸ್ಟರ್ ಅಂದುಕೊಂಡಿದ್ದೆ. ಲಗ್ಗೆರೆಯ ವಠಾರದಲ್ಲಿ ಅವನ ರೂಮು ನನ್ನ ರೂಮಿನ ಎದುರು. ದಿನಾ ಸಂಜೆ ಕಿಟಕಿಗೆ ಫೋನು ಒರಗಿಸಿ, ಅದರ ಮುಂದೆ ಕೈ ತಿರುವಿ, ಬೆರಳು ಮಡಚಿ, ಹುಬ್ಬು ಕುಣಿಸುತ್ತಿದ್ದ. ನಮ್ಮ ಕಂಪನಿಯ ರಾಜ್ಯೋತ್ಸವಕ್ಕೆ ನಾಲ್ಕು ಸ್ಟೆಪ್ ಹೇಳಿಕೊಡಿ ಎಂದು ಬಾಗಿಲಲ್ಲಿ ನಿಂತು ಕೇಳಿಯೂ ಬಿಟ್ಟೆ. ಅವನು ಸೀಮೆಸುಣ್ಣ ತೆಗೆದು ಕೆಂಪು ನೆಲದ ಮೇಲೆ ಬರೆದ: ‘ಕಿವಿ ಕೇಳಲ್ಲ. ಬರೀರಿ.’ ಡ್ಯಾನ್ಸಿನ ವಿಷಯ ಬರೆಯುವಷ್ಟು ಧೈರ್ಯ ಬರಲಿಲ್ಲ. ‘ಸಕ್ಕರೆ ಇದೆಯಾ?’ ಎಂದು ಬರೆದೆ.

ಅವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಬಾರದು. ಪೀಣ್ಯದಲ್ಲಿ ಲೇತ್ ಆಪರೇಟರ್. ಗೆಳೆಯರೆಲ್ಲ ಫೋನಿನೊಳಗೆ, ಮಾತೆಲ್ಲ ಕೈಸನ್ನೆಯಲ್ಲಿ. ಅದು 2015, ಸಿಮ್ಮಿನ ನೆಟ್ಟಿನಲ್ಲಿ ವೀಡಿಯೋ ಮುಂದಕ್ಕೇ ಹೋಗುತ್ತಿರಲಿಲ್ಲ. ವೀಡಿಯೋ ನಿಂತರೆ ಅವನ ಮಾತೇ ನಿಂತಂತೆ. ಹಾಗಾಗಿ ಓನರಮ್ಮ ಚಿಕ್ಕಮುನಿಯಮ್ಮನ ಮನೆಯ ವೈಫೈ ಹಿಡಿದಿದ್ದ. ಆಕೆಯ ಮಗ ಎಟಿಎಂನಲ್ಲಿ ಒತ್ತುವಂತೆ ಕೈ ಮರೆಮಾಡಿ ಪಾಸ್‌ವರ್ಡ್ ಒತ್ತಿಕೊಟ್ಟಿದ್ದ.

ಆ ಶುಕ್ರವಾರ ಐದು ಗಂಟೆಗೆ ಕಾಡಪ್ಪ ಹೆಣ್ಣು ನೋಡಬೇಕಿತ್ತು, ಫೋನಿನಲ್ಲೇ. ತಿಪಟೂರಿನ ವೇಣಿ. ಅವಳಿಗೂ ಕಿವಿ ಕೇಳದು. ಇನ್ನೊಂದು ಗಂಡಿನ ಕಡೆಯವರು ಆರಕ್ಕೆ ಅವಳ ಮನೆಗೆ ಬರುವವರಿದ್ದರು. ಈ ಕರೆ ತಪ್ಪಿದರೆ ಅವರಿಗೇ ಹೂಂ ಎನ್ನುವುದೆಂದು ಮನೆಯಲ್ಲಿ ಮಾತಾಗಿತ್ತು.

ಅದೇ ಮಧ್ಯಾಹ್ನ ಫೋನು ಅಪ್‌ಡೇಟ್ ಆಗಿ ಕುಳಿತಿತ್ತು. ವೈಫೈ ಗುರುತು ತುಂಬಿದೆ, ಕಾಲ್ ಮಾತ್ರ ಹೋಗದು. ಫಸ್ಟ್ ಶಿಫ್ಟ್ ಮುಗಿಸಿ ಮಲಗಿದ್ದ ನನ್ನನ್ನು ಕಾಡಪ್ಪ ಎಬ್ಬಿಸಿ ಎಳೆದುಕೊಂಡು ಹೋದ. ನಾನು ಫ್ಯಾಕ್ಟರಿ ಸ್ಟೋರಿನಲ್ಲಿ ಕೀಬೋರ್ಡ್ ಕುಟ್ಟುವವನು. ವಠಾರಕ್ಕೆ ನಾನೇ ಸಾಫ್ಟ್‌ವೇರು. ಫೋನಿನಲ್ಲಿ ಗಂಟೆ ಇನ್ನೂ ನಾಲ್ಕು. ಬೇಕಾದಷ್ಟು ಟೈಮಿದೆ ಎಂದು ಡಾಕ್ಟರಂತೆ ಸನ್ನೆ ಮಾಡಿ, ವೈಫೈ ಆಫ್ ಮಾಡಿದೆ, ಆನ್ ಮಾಡಿದೆ. ಆಮೇಲೆ ‘ಫರ್‌ಗೆಟ್’ ಒತ್ತಿದೆ. ಫೋನು ಪಾಸ್‌ವರ್ಡನ್ನೇ ಮರೆತು ಹೊಸದಾಗಿ ಕೇಳಿತು. ಕಾಡಪ್ಪ ನನ್ನ ಮುಖ ನೋಡಿದ. ನಾನು ಸೀಲಿಂಗ್ ನೋಡಿದೆ.

ಇಬ್ಬರೂ ಓನರಮ್ಮನ ಮನೆಗೆ ಓಡಿದೆವು.

“ಪಾಸ್ವರ್ಡಾ? ಬಾಡ್ಗೆಯೋರ್ಗೆ ಏಳ್ಬೇಡ ಅಂದವ್ನೆ ನನ್ ಮಗ. ಓದ್ ತಿಂಗ್ಳು ಒಬ್ಬ ಇಡೀ ಬೀದಿಗೇ ಅಂಚ್ಬುಟ್ಟ.”

“ಅಮ್ಮಾ, ಕಾಡಪ್ಪ ಹೆಣ್ಣು ನೋಡ್ಬೇಕು. ಫೋನಲ್ಲಿ.”

“ಫೋನಾಗೆ ಎಣ್ಣು ನೋಡಿದ್ರೆ ಕೇಸರಿಬಾತು ಯಾರ್ ಕೊಡ್ತಾರೆ?”

“ಇವತ್ತು ತಪ್ಪಿದ್ರೆ ಬೇರೆಯವ್ರಿಗೆ ಕೊಟ್ಬಿಡ್ತಾರೆ ಅಮ್ಮಾ.”

ಆಕೆ ನನ್ನ ಹಿಂದೆ ನಿಂತಿದ್ದವನನ್ನು ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ಬೆವರಿದ ಕತ್ತು. “ಆ ದೀಪ ಮಿಟುಕ್ಸೋ ಡಬ್ಬದ ತಳದಾಗೆ ಚೀಟಿ ಅಂಟ್ಸವ್ರೆ. ನಾನ್ ಏಳ್ಳಿಲ್ಲ, ನೀನೇ ಓದ್ಕಂಡೆ.”

ಪಾಸ್‌ವರ್ಡ್ ಹಾಕಿದೆ. ವೈಫೈ ಹಿಡಿಯಿತು. ಕಾಲ್ ಮತ್ತೆ ಹೋಗಲಿಲ್ಲ. ರೂಮಿಗೆ ವಾಪಸು ಬಂದು ಇನ್ನೊಮ್ಮೆ ಒತ್ತಿದೆ. ಇಲ್ಲ.

ಅಷ್ಟರಲ್ಲಿ ಪೀಣ್ಯದ ಕಡೆಯಿಂದ ಸೈರನ್ ಕೂಗಿತು. ಐದರ ಸೈರನ್. ಕಾಡಪ್ಪನಿಗೆ ಅದು ಕೇಳಿಸಲಿಲ್ಲ. ಫೋನಿನ ನಾಲ್ಕೂವರೆಯನ್ನು ನಂಬಿ ತಲೆ ಬಾಚಿಕೊಳ್ಳುತ್ತಿದ್ದ. ಆಗ ಆ ಗಂಟೆಯ ಕೆಳಗಿದ್ದ ತಾರೀಕು ಓದಿದೆ: ಜನವರಿ ಒಂದು, 2010. ಅಪ್‌ಡೇಟ್ ಆಗುವಾಗ ಫೋನಿನ ಗಡಿಯಾರ ಐದು ವರ್ಷ ಹಿಂದಕ್ಕೆ ಜಾರಿತ್ತು. ತಾರೀಕು ತಪ್ಪಿದ್ದರೆ ವೀಡಿಯೋ ಕಾಲಿನ ಆ್ಯಪುಗಳು ಕರೆ ಹೋಗಲು ಬಿಡುವುದಿಲ್ಲವೆಂದು ಯಾರೋ ಹೇಳಿದ್ದು ನೆನಪಾಯಿತು.

ನೆಲದ ಮೇಲೆ ‘ಐದಾಯ್ತು’ ಎಂದು ಬರೆದೆ. ಅವನ ಬಾಚಣಿಗೆ ಅಲ್ಲೇ ನಿಂತಿತು. ಅವಸರದಲ್ಲಿ ತಾರೀಕು ತಿದ್ದಲು ಹೋಗಿ ಮೊದಲು ತಿಂಗಳನ್ನೇ ತಪ್ಪು ಹಾಕಿದೆ. ಅವನು ನನ್ನ ಮಣಿಕಟ್ಟು ಹಿಡಿದು ನಿಧಾನ ಮಾಡಿಸಿದ.

ಕಾಲ್ ಹೋಯಿತು. ಯಾರೂ ಎತ್ತಲಿಲ್ಲ. ಮತ್ತೆ ಹೋಯಿತು. ಕಟ್ ಆಯಿತು. ಮತ್ತೊಮ್ಮೆ ಒತ್ತಿದಾಗ ವೇಣಿ ಕಂಡಳು. ಅವಳ ಕೈಗಳ ವೇಗದಲ್ಲೇ ಸಿಟ್ಟು ನನಗೂ ಅರ್ಥವಾಯಿತು. ಕಾಡಪ್ಪ ನನ್ನತ್ತ ಬೆರಳು ತೋರಿಸಿ ಏನೋ ಸನ್ನೆ ಮಾಡಿದ, ಅವಳು ನಕ್ಕಳು. ಏನು ಹೇಳಿದನೋ, ಇವತ್ತಿಗೂ ಬರೆದು ತೋರಿಸಿಲ್ಲ.

ಬಹಳ ಹೊತ್ತಿನ ಮೇಲೆ ಅವಳ ಸೋದರಮಾವ ಗೋಪಾಲಪ್ಪ ಪರದೆಗೆ ಬಂದರು. “ಸಾರ್, ನಂಗೆ ಇವ್ರ ಸನ್ನೆ ಬರಲ್ಲ. ನೀವು ಬರ್ದು ತೋರ್ಸಿ. ತಪ್ಪು ತಿಳ್ಕೋಬೇಡಿ. ಇಬ್ರಿಗೂ ಹಿಂಗೆ. ನಾಳೆ ಮಗೂಗೂ ಕಿವಿ ಕೇಳ್ದೇ ಹೋದ್ರೆ?”

ಮೆತ್ತನೆಯ ಪದ ಹುಡುಕಿದೆ, ಸಿಗಲಿಲ್ಲ. ಹಾಗೇ ಬರೆದೆ. ವೇಣಿ ಮಾವನ ಭುಜದ ಪಕ್ಕದಿಂದ ಕಣ್ಣು ಕೀಳದೆ ನೋಡುತ್ತಿದ್ದಳು. ಕಾಡಪ್ಪ ಓದಿದ, ಸೀಮೆಸುಣ್ಣ ಕಿತ್ತುಕೊಂಡ, ಕೆಳಗೇ ಗೀಚಿದ. ನಾನು ಗಟ್ಟಿಯಾಗಿ ಓದಿದೆ:

“ಕಿವಿ ಕೇಳೋ ಮಗು ಹುಟ್ಟಿದ್ರೂ ಸಾಕ್ತೀವಿ.”